ಮುದ್ದೆ ಅಗಿಯುವವಳು

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಆತಗೂರಿನ ಮಕ್ಕಳಿಗೆ ಹಲ್ಲು ಬರುವ ಮುಂಚೆಯೇ ಇದು ಗೊತ್ತಿರುತ್ತದೆ. ಹನಕೆರೆಯಲ್ಲಿ ಹುಟ್ಟಿ ಈ ಊರಿಗೆ ಸೊಸೆಯಾಗಿ ಬಂದ ಗಗನಳಿಗೂ ಗೊತ್ತಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಮೈಸೂರಿನ ಡಾಕ್ಟರೊಬ್ಬರು ಅವಳ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ಮಾಡಿ ಹೊಲಿದಿದ್ದರು. ಇನ್ನು ಮೇಲೆ ಪ್ರತಿ ತುತ್ತನ್ನೂ ಇಪ್ಪತ್ತೈದು ಸಲ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು ಎಂದು ಹೇಳಿ ಕಳಿಸಿದ್ದರು. ನೂರ ಹನ್ನೆರಡು ಕೆ.ಜಿ. ಇದ್ದವಳು ಒಂದೂವರೆ ವರ್ಷದಲ್ಲಿ ಅರವತ್ತೆಂಟಕ್ಕೆ ಇಳಿದಳು. ಆ ಅರವತ್ತೆಂಟರ ಗಗನಳನ್ನು ನೋಡಿ ಒಪ್ಪಿದವನು ಯತೀಶ್. ಆಪರೇಷನ್ ವಿಷಯವನ್ನು ಅವನೊಬ್ಬನಿಗೆ ಹೇಳಿದ್ದಳು. "ಅವ್ವಂಗೆ ಮಾತ್ರ ಗೊತ್ತಾಗೋದು ಬ್ಯಾಡ," ಎಂದಿದ್ದ.

ಆ ಒಂದು ಮಾತು ಮದುವೆಯಾದ ಎರಡು ವರ್ಷದಲ್ಲಿ ಅವಳ ಮೈಮೇಲೆ ಹನ್ನೊಂದು ಕೆ.ಜಿ. ಆಗಿತ್ತು.

ಅತ್ತೆ ಚಿಕ್ಕಬೋರಮ್ಮ ಕೆಟ್ಟವಳೇನಲ್ಲ. ಸೊಸೆಯ ತಟ್ಟೆ ಖಾಲಿಯಾಗದಿದ್ದರೆ ಅದು ತನ್ನ ಕೈರುಚಿಗೆ ಆದ ಅವಮಾನ ಎಂದು ತಿಳಿದವಳು, ಅಷ್ಟೇ. ಮುದ್ದೆ ಎದೆಯಲ್ಲಿ ನಿಂತು ಕಣ್ಣಲ್ಲಿ ನೀರು ಬಂದಾಗ, ಅದರ ಮೇಲೆ ಸಾರು ಕುಡಿದು ಇಳಿಸುವುದನ್ನು ಗಗನ ಕಲಿತಳು. ಅದೂ ಆಗದ ದಿನ ಬೆಲ್ಲದ ಕಾಫಿ, ಪಾಯಸ. ಅವು ಯಾರನ್ನೂ ಕೇಳದೆ ಜಾರಿಹೋಗುತ್ತಿದ್ದವು. ಸೊಸೆ ಏನೋ ತಿಂದಳಲ್ಲ ಎಂದು ಮನೆಯವರಿಗೂ ಸಮಾಧಾನ. ಶನಿವಾರ ಮಂಡ್ಯದ ಡಯೆಟಿಷಿಯನ್ ತೂಕ ನೋಡಿ ಕನ್ನಡಕ ತೆಗೆದಿಟ್ಟಳು. "ಹೊಲಿದ ಹೊಟ್ಟೆ ಮತ್ತೆ ಹಿಗ್ತಾ ಇದೆ ಗಗನ. ಹಿಂಗೇ ಬಿಟ್ರೆ ಎಲ್ಲಿಂದ ಹೊರಟ್ರೋ ಅಲ್ಲಿಗೇ ವಾಪಸ್ಸು. ಮೊದ್ಲು ಮನೇಲಿ ಹೇಳ್ಬಿಡಿ."

ಮಾರನೆಯ ದಿನ ಭಾನುವಾರ. ಮಳವಳ್ಳಿಯಿಂದ ಚಿಕ್ಕಬೋರಮ್ಮನ ಅಕ್ಕ ಹೊಂಬಾಳಮ್ಮ ಬಂದಿದ್ದಳು. ನಾಟಿಕೋಳಿ ಸಾರು, ಮುದ್ದೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಗಗನ ಎರಡು ತುಂಡು ಕೋಳಿ ತಿಂದು, ಮುದ್ದೆಯ ಒಂದು ಚೂರನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.

"ಇದೇನೇ ಬೋರಿ, ನಿನ್ ಸೊಸೆ ಮುದ್ದೆನ ಮೆಲುಕಾಕ್ತಾವ್ಳೆ!" ಎಂದಳು ಹೊಂಬಾಳಮ್ಮ. "ನಮ್ಮನೆ ಎಮ್ಮೆನೂ ಇಂಗೇಯ."

"ಬಂದಾಗಿಂದ್ಲೂ ಅಂಗೇ ಕಣಕ್ಕ. ಪ್ಯಾಕ್ಟ್ರೀಲಿ ಕಬ್ಬು ಅರ್ದಂಗೆ ಅರೀತಾಳೆ."

"ಅದ್ಕೇ ಇನ್ನೂ ಒಂದೂ ನಿಂತಿಲ್ಲ. ಒಟ್ಟೆ ತುಂಬ ಉಂಡ್ರಲ್ವ ಮಗು ನಿಲ್ಲೋದು?" ಎನ್ನುತ್ತ ಹೊಂಬಾಳಮ್ಮ ಇನ್ನೊಂದು ಮುದ್ದೆಯನ್ನು ಗಗನಳ ತಟ್ಟೆಗೆ ಹಾಕಿದಳು.

ಗಗನ ಅದನ್ನು ನೋಡಿದಳು. ಹನ್ನೆರಡನೆಯ ಕೆ.ಜಿ. ಆವಿಯಾಡುತ್ತ ಎದುರಿಗೆ ಕೂತಂತಿತ್ತು.

"ಆಗಲ್ಲ ದೊಡ್ಡತ್ತೆ. ನಂಗೆ ಆಪರೇಷನ್ ಆಗದೆ."

ಕೈಗಳು ತಟ್ಟೆಯಲ್ಲೇ ನಿಂತವು. ಆ ಊರಿನಲ್ಲಿ ಮದುವೆಯಾದ ಹೆಂಗಸು ಆಪರೇಷನ್ ಆಗಿದೆ ಎಂದರೆ ಅದಕ್ಕೆ ಒಂದೇ ಅರ್ಥ: ಇನ್ನು ಮಕ್ಕಳು ಸಾಕು ಎಂದು ಮಾಡಿಸಿಕೊಳ್ಳುವುದು. ಗಗನಳಿಗೆ ಅದು ಹೊಳೆಯಲೇ ಇಲ್ಲ.

"ಯಾವಾಗ?" ಚಿಕ್ಕಬೋರಮ್ಮ ಕೇಳಿದಳು.

"ಮದ್ವೆಗ್ ಮುಂಚೇನೆ."

"ಮುಂಚೇನಾ! ಅಂಗಾರೆ ಇವ್ಳಿಗೆ ಮಕ್ಕಳು ಮರಿ ಎಲ್ಲಾ ಆಗೋಗವೆ ಕಣೇ ಬೋರಿ!" ಹೊಂಬಾಳಮ್ಮ ಎದ್ದೇ ನಿಂತಳು. "ಎಷ್ಟು ಮಕ್ಕಳಮ್ಮಿ? ಎಲ್ ಬುಟ್ಟಿದ್ದೀಯೆ?"

ಆಗ ಅರ್ಥವಾಯಿತು ಗಗನಳಿಗೆ. ಗಂಡನ ಕಡೆ ನೋಡಿದಳು. ಅವನು ಚೀಪುತ್ತಿದ್ದ ಮೂಳೆಯನ್ನು ತಟ್ಟೆಗೆ ಹಾಕಿ, ಯಾರ ಮುಖವನ್ನೂ ನೋಡದೆ ಹೇಳಿದ: "ಅಪೆಂಡಿಕ್ಸ್ ಕಣವ್ವ. ಒಟ್ಟೆನೋವು ಅಂತ ತೆಗ್ಸಿದ್ರು."

"ಅಷ್ಟೇಯಾ! ಜೀವ ಓದಂಗಾಗಿತ್ತಲ್ಲೋ." ಚಿಕ್ಕಬೋರಮ್ಮ ಸೌಟು ಎತ್ತಿಕೊಂಡಳು. "ಅದಾದೋರು ಗದ್ದೆ ಕೆಲ್ಸನೇ ಮಾಡ್ತಾರೆ, ಮುದ್ದೆ ಉಣ್ಣಕ್ಕೇನು ದಾಡಿ? ಉಣ್ಣು, ಉಣ್ಣು."

ಮುದ್ದೆಯ ಮೇಲೆ ಸಾರು ಬಿತ್ತು. ನಾಲ್ಕು ಜನರ ಎದುರು ಎರಡು ಮಾತು ಜೋಡಿಸಿ ಆಡಿದವಳಲ್ಲ ಗಗನ. ಆದರೆ ಈಗ ಸುಮ್ಮನಿದ್ದರೆ ನಾಳೆಯಿಂದ ಬೇಡ ಎನ್ನಲು ಅವಳ ಬಳಿ ಒಂದು ನೆಪವೂ ಉಳಿಯುತ್ತಿರಲಿಲ್ಲ.

"ಅಪೆಂಡಿಕ್ಸ್ ಅಲ್ಲ ಅತ್ತೆ. ನಾನು ನೂರ ಹನ್ನೆರಡು ಕೆ.ಜಿ. ಇದ್ದೆ. ಮಂಡಿ ಹೋಗಿತ್ತು, ಶುಗರ್ ಬಂದಿತ್ತು. ಹೊಟ್ಟೆನೇ ಕತ್ತರಿಸಿ ಚಿಕ್ಕದು ಮಾಡವ್ರೆ. ಇವ್ರಿಗೆ ಎಲ್ಲಾ ಗೊತ್ತು."

ಚಿಕ್ಕಬೋರಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ಕೊಂಡ ಹಸುವಿನ ಕೆಟ್ಟ ಸುಳಿ ಕೊಟ್ಟಿಗೆಗೆ ಬಂದ ಮೇಲೆ ಕಂಡವಳಂತೆ.

"ಅಂದ್ರೆ, ಬಾಯಿ ಕಟ್ಟಕ್ಕಾಗ್ದೆ ಒಟ್ಟೆ ಕೂಯಿಸ್ಕಂಡೆ ಅನ್ನು."

ಹತ್ತು ವರ್ಷ ಬಾಯಿ ಕಟ್ಟಿ ಸೋತದ್ದನ್ನು ಎಲ್ಲಿಂದ ಶುರು ಮಾಡಿ ಹೇಳುವುದು?

ಸಂಜೆ ದೊಡ್ಡವ್ವನನ್ನು ಮದ್ದೂರಿನಲ್ಲಿ ಬಸ್ಸು ಹತ್ತಿಸಿ ಬಂದ ಯತೀಶ್ ಕೋಣೆಯ ಬಾಗಿಲು ಹಾಕಿದ. "ಮುಚ್ಚಾಕಿದ್ನಲ್ಲ, ಯಾಕ್ ಬಾಯ್ಬಿಟ್ಟೆ? ಮಕ್ಕಳ ಆಪರೇಷನ್ ಅಂತ್ಲೇ ಅಂದ್ಕೊಂಡಿದ್ರೂ ಅವ್ವ ನಾಕ್ ದಿನ ಅತ್ತು ಸುಮ್ನಾಗೋಳು. ಈಗ ಯತೀಶನ ಎಂಡ್ತಿ ಡುಮ್ಮಿ ಆಗಿದ್ಲು ಅಂತ ಮಳವಳ್ಳಿಗಂಟ ಸುದ್ದಿ."

"ನಾನು ಮತ್ತೆ ಹಂಗೇ ಆದ್ರೆ?"

ಅವನು ಬೈಕಿನ ಕೀಲಿಯನ್ನು ಮೊಳೆಗೆ ಸಿಕ್ಕಿಸಲು ಹೋದ. ಜಾರಿ ಬಿತ್ತು. ಎತ್ತಿಕೊಂಡು ಮತ್ತೆ ಸಿಕ್ಕಿಸಿದ. ಹೊರಗೆ ಹೋದ.

ಮಾರನೆಯ ದಿನ ಊಟದ ಹೊತ್ತಿಗೆ ಚಿಕ್ಕಬೋರಮ್ಮ ಎಲ್ಲರಿಗೂ ಮುದ್ದೆ ಕಟ್ಟಿಟ್ಟಳು. ಕೊನೆಗೆ ಪಾತ್ರೆಯ ತಳದಿಂದ ನಿಂಬೆಹಣ್ಣಿನಷ್ಟು ಕಿತ್ತು, ಅಗಲವಾದ ತಟ್ಟೆಯ ನಡುವೆ ಇಟ್ಟು, ಸೊಸೆಯ ಕಡೆಗೆ ತಳ್ಳಿದಳು.

"ತಗ. ಕೂಯಿಸ್ಕಂಡೋರ ಅಳತೆ."

ಹೊಸ್ತಿಲಲ್ಲಿ ಕೂತಿದ್ದ ಪಕ್ಕದ ಮನೆಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಯತೀಶ್ ತಲೆಯೆತ್ತದೆ ಉಣ್ಣುತ್ತಿದ್ದ.

ಅಳತೆ ಸರಿಯಾಗಿತ್ತು. ಎರಡು ವರ್ಷದಲ್ಲಿ ಆ ಮನೆಯಲ್ಲಿ ಅವಳ ಹೊಟ್ಟೆಗೆ ಹಿಡಿಸುವಷ್ಟನ್ನೇ ಬಡಿಸಿದ್ದು ಅದೇ ಮೊದಲು. ನಾಳೆಯೂ ಇಷ್ಟೇ ಸಿಗುತ್ತದೆ, ನಾಡಿದ್ದೂ ಇಷ್ಟೇ. ಜೊತೆಗೆ ಈ ನಗುವೂ. ಅಳು ಒತ್ತಿಕೊಂಡು ಬಂತು. ಅಳುತ್ತ ಉಂಡರೆ ಒಳಗೆ ಗಾಳಿ ಸೇರಿ ಹೊಟ್ಟೆ ಹಿಡಿದುಕೊಳ್ಳುತ್ತದೆ. ಗಗನ ಮೂಗು ಒರೆಸಿಕೊಂಡು, ಉಸಿರು ಸರಿಯಾಗುವವರೆಗೆ ಕಾದು, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.