ಒಂದೇ ನಿಲ್ದಾಣದ ದೂರ

ಚಿಜುರು ಅವರು ಪ್ರತಿ ಮಂಗಳವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದು, ನಮ್ಮ ಬಾಗಿಲಾಚೆ ನಿಂತಿದ್ದು, ಸರಿಯಾಗಿ ಹತ್ತಕ್ಕೆ ಕರೆಗಂಟೆ ಒತ್ತುತ್ತಿದ್ದರು. ಬಾಗಿಲ ಗಾಜಿನಲ್ಲಿ ಅವರ ನೆರಳು ಕಾಣುತ್ತಿತ್ತು. ಅಮ್ಮ ಆ ಐದು ನಿಮಿಷವೂ ಗೊಣಗುತ್ತಿದ್ದಳು. "ತೆಗಿಯೇ ಸೋಸಿನ್, ಅಕ್ಕ ಬಿಸಿಲಲ್ಲಿ ನಿಂತಿದಾರೆ." ಹೊತ್ತಿಗೆ ಮೊದಲೇ ತೆಗೆದರೆ ಅವರಿಗೆ ಮುಜುಗರ ಎಂದರೆ ಅಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ನಮ್ಮ ಹಳ್ಳಿಯಲ್ಲಿ ನೆಂಟರು ಬಾಗಿಲು ತಟ್ಟುತ್ತಲೇ ಇರಲಿಲ್ಲವಂತೆ.

ಜಪಾನಿನ ಕವಾಗುಚಿಯಲ್ಲಿ ನಮ್ಮಂಥವರ ಸ್ನೇಹ ಬೆಳೆಸಲೆಂದೇ ಒಂದು ಕೂಟವಿತ್ತು. ಚಿಜುರು ಅದರವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾವು ಟರ್ಕಿಯಿಂದ ಬಂದ ಕುರ್ದರು. ಆಶ್ರಯ ಕೇಳಿ ಹನ್ನೊಂದು ವರ್ಷವಾಗಿತ್ತು, ಮೂರು ಸಲ ಇಲ್ಲವೆಂದು ಉತ್ತರ ಬಂದಿತ್ತು. ಅಮ್ಮನನ್ನು ಒಮ್ಮೆ ಏಳು ತಿಂಗಳು ಬಂಧನದಲ್ಲಿಟ್ಟಿದ್ದರು. ಚಿಜುರು ಜಾಮೀನುದಾರರಾಗಿ ಸಹಿ ಹಾಕಿದ ಮೇಲೆಯೇ ತಾತ್ಕಾಲಿಕವಾಗಿ ಹೊರಗೆ ಬಿಟ್ಟದ್ದು. ಹಾಗೆ ಬಿಡುಗಡೆಯಾದವರು ದುಡಿಯುವಂತಿಲ್ಲ, ಮೊದಲೇ ಅನುಮತಿ ಪಡೆಯದೆ ಪ್ರಾಂತ್ಯ ದಾಟುವಂತಿಲ್ಲ. ನಮ್ಮ ಪ್ರಾಂತ್ಯ ಅರಾಕಾವಾ ನದಿಗೆ ಮುಗಿಯುತ್ತದೆ. ಸೇತುವೆಯಾಚೆ ಆಕಾಬಾನೆ, ಅದು ಟೋಕಿಯೊ. ರೈಲಿನಲ್ಲಿ ಒಂದೇ ನಿಲ್ದಾಣ.

ನಾನು ಹದಿನಾಲ್ಕಕ್ಕೆ ಶಾಲೆ ಬಿಟ್ಟೆ. ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ, ಮನೆ ಮಾಲೀಕನ ಮುಂದೆ ಅಮ್ಮನ ಪರವಾಗಿ ಮಾತಾಡುವವರು ಬೇಕಿತ್ತು. ನನ್ನದೇ ಮಾತು ನನ್ನ ಬಾಯಿಂದ ಬರುವುದು ಅಪರೂಪ. ಬೇರೆಯವರ ಮಾತು ದಿನವಿಡೀ ಬರುತ್ತದೆ.

ಮಂಗಳವಾರ ಚಿಜುರು ಅಮ್ಮನಿಗೆ ಜಪಾನಿ ಭಾಷೆ ಕಲಿಸುತ್ತಿದ್ದರು. ಅಮ್ಮ ಅವರಿಗೆ ಓಯಾ ಕಲಿಸುತ್ತಿದ್ದಳು. ತಲೆವಸ್ತ್ರದ ಅಂಚಿಗೆ ಬರೀ ಸೂಜಿ ದಾರದಲ್ಲಿ ಕಟ್ಟುವ ಪುಟ್ಟ ಪುಟ್ಟ ಹೂಗಳಿಗೆ ನಾವು ಹಾಗೆನ್ನುತ್ತೇವೆ. ಎರಡು ವರ್ಷವಾದರೂ ಇಬ್ಬರೂ ಹೆಚ್ಚೇನೂ ಕಲಿತಿರಲಿಲ್ಲ.

"ಇದು ಗುಲಾಬಿನೋ ಜಿರಲೆನೋ ಕೇಳು," ಎಂದಳು ಅಮ್ಮ, ಅವರ ಕೆಲಸವನ್ನು ಬೆಳಕಿಗೆ ಹಿಡಿದು.

"ದಾರ ಸ್ವಲ್ಪ ಬಿಗಿಯಾಯ್ತಂತೆ," ಎಂದೆ ಚಿಜುರು ಅವರಿಗೆ.

"ಬೈದ್ರು ತಾನೆ? ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ, ಮಗು." ಅವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. "ಈ ಚಹಾಕ್ಕೆ ಇಷ್ಟೊಂದು ಸಕ್ಕರೆ ಹಾಕೋರು ನನಗೆ ಬುದ್ಧಿ ಹೇಳ್ತಾರಾ ಅಂತ ಕೇಳು."

"ಚಹಾ ಚೆನ್ನಾಗಿದೆಯಂತೆ," ಎಂದೆ ಅಮ್ಮನಿಗೆ.

ಎರಡೂ ಕಡೆಯ ಮಾತಿನ ಮುಳ್ಳು ತೆಗೆದು ಕೊಡುವುದು ನನ್ನ ಅಭ್ಯಾಸ. ಅದರಿಂದ ಯಾರಿಗೂ ಕೆಡುಕಾಗಿರಲಿಲ್ಲ.

ವಸಂತ ಮುಗಿಯುವ ಹೊತ್ತಿಗೆ ಆಕಾಬಾನೆಯ ಒಂದು ಸಭಾಂಗಣದಲ್ಲಿ ಕೂಟದವರು ಪ್ರದರ್ಶನ ಇಟ್ಟುಕೊಂಡರು. ಅಮ್ಮ ಅಲ್ಲಿ ಎಲ್ಲರ ಮುಂದೆ ಕುಳಿತು ಓಯಾ ಕಟ್ಟಿ ತೋರಿಸಬೇಕೆಂದು ಚಿಜುರು ಕೇಳಿದರು.

ಅಮ್ಮನ ಸೂಜಿ ನಿಂತಿತು. "ಆಕಾಬಾನೆ ನದಿ ಆಚೆ ಅಲ್ವಾ?"

"ಅನುಮತಿ ನಾನು ತರ್ತೀನಿ," ಎಂದರು ಚಿಜುರು. "ಅರ್ಜಿ ಇಲ್ಲೇ ಇದೆ, ನಿಮ್ಮಮ್ಮ ಸಹಿ ಹಾಕಲಿ. ಕಚೇರಿಗೆ ಹೋಗೋದು ನನ್ನ ಕೆಲಸ. ಅವರು ಸೂಜಿ ದಾರ ತಂದ್ರೆ ಸಾಕು."

ಅದನ್ನು ನಾನು ಏನೂ ಬದಲಿಸದೆ ಹೇಳಿದೆ. ಅಮ್ಮ ಸಹಿ ಹಾಕಿದಳು.

ಆ ಭಾನುವಾರ ಅಮ್ಮನನ್ನು ಕರೆದೊಯ್ಯಲು ಅವರೇ ಬಂದರು. ಗುಂಪು ಕಂಡರೆ ನನಗಾಗದು, ಹೂ ಕಟ್ಟುವುದಕ್ಕೆ ಮಾತೂ ಬೇಡ, ಹಾಗಾಗಿ ನಾನು ಮನೆಯಲ್ಲೇ ಉಳಿದೆ. ಹೊರಡುವಾಗ ಬಾಗಿಲಲ್ಲಿ ಕೇಳಿದೆ, "ಅನುಮತಿ ಪತ್ರ?" ಅವರು ಚೀಲ ತಟ್ಟಿ, "ಇಲ್ಲಿದೆ, ಇಲ್ಲಿದೆ," ಎಂದರು. ಅಮ್ಮ ಮದುವೆಗೆ ಹೊರಟವಳ ಹಾಗೆ ಹೊಸ ತಲೆವಸ್ತ್ರ ಕಟ್ಟಿದ್ದಳು.

ಮುಂದಿನ ತಿಂಗಳು ಬಿಡುಗಡೆಯ ಅವಧಿ ಮುಂದುವರಿಸಿಕೊಳ್ಳಲು ವಲಸೆ ಕಚೇರಿಗೆ ಹೋದಾಗ, ಈ ಸಲ ಜಾಮೀನುದಾರರನ್ನೂ ಕರೆಸಿದ್ದರು. ನಮ್ಮನ್ನು ಒಳಗಿನ ಕೋಣೆಯಲ್ಲಿ ಕೂರಿಸಿದರು. ಫೋನಿನಲ್ಲಿ ಸಿಕ್ಕ ದುಭಾಷಿಗೆ ಟರ್ಕಿ ಭಾಷೆ ಮಾತ್ರ ಬರುತ್ತಿತ್ತು, ಅಮ್ಮನಿಗೆ ಅದು ಅರೆಬರೆ. ಕೊನೆಗೆ ನಾನೇ ಹೇಳಬಹುದೆಂದರು. ಅಧಿಕಾರಿ ಚಿಕ್ಕ ವಯಸ್ಸಿನವನು, ಒರಟನಲ್ಲ. ಕೂಟದ ಪತ್ರಿಕೆಯ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಅಮ್ಮ ನಗುತ್ತಿದ್ದಳು. ಕೆಳಗೆ ಸಭಾಂಗಣದ ಹೆಸರು, ದಿನಾಂಕ.

"ಅನುಮತಿ ಇಲ್ಲದೆ ಯಾಕೆ ಹೋದ್ರಿ ಅಂತ ಕೇಳಿ."

ಕೇಳಿದೆ.

"ಇಲ್ಲದೆ ಎಲ್ಲಿ ಹೋದೆ? ನಾನು ಸಹಿ ಹಾಕಿ ಕೊಟ್ಟೆನಲ್ಲ. ಅಕ್ಕನ ಹತ್ರ ಇದೆ, ತೋರಿಸ್ತಾರೆ," ಎಂದು ಅಮ್ಮ ಚಿಜುರು ಅವರ ಕಡೆ ತಿರುಗಿ ನಕ್ಕಳು.

ಆ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು. ಅಷ್ಟರಲ್ಲಿ ಅಧಿಕಾರಿ ಚಿಜುರು ಅವರನ್ನೇ ಕೇಳಿದ, "ನಿಮಗೆ ತಿಳಿದಿತ್ತಾ?"

ಚಿಜುರು ಕೈಗಳನ್ನು ಮಡಿಲಲ್ಲಿ ಜೋಡಿಸಿಕೊಂಡರು. "ಅನುಮತಿ ಬೇಕು ಅಂತ ನಾನು ಮೊದಲೇ ತಿಳಿಸಿದ್ದೆ. ಭಾಷೆಯ ತೊಂದರೆಯಿಂದ ಅವರಿಗೆ ಸರಿಯಾಗಿ ತಲುಪಲಿಲ್ಲವೇನೋ. ಜಾಮೀನುದಾರಳಾಗಿ ನಾನು ಇನ್ನಷ್ಟು ಗಮನ ಕೊಡಬೇಕಿತ್ತು. ದಯವಿಟ್ಟು ಕ್ಷಮಿಸಬೇಕು." ಎದ್ದು ನಿಂತು, ಸೊಂಟದಿಂದ ಬಾಗಿ, ತಲೆ ತಗ್ಗಿಸಿದರು. ಬಹಳ ಹೊತ್ತು ಮೇಲೇಳಲಿಲ್ಲ.

ಭಾಷೆಯ ತೊಂದರೆ. ನಮ್ಮ ಮನೆಯಲ್ಲಿ ಭಾಷೆ ಎಂದರೆ ನಾನೊಬ್ಬಳೇ.

"ಅಕ್ಕ ಯಾಕೆ ಅಷ್ಟು ಬಗ್ಗಿದಾರೆ?" ಅಮ್ಮ ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಏನಂದ್ರು?"

ನನಗೆ ಅಮ್ಮ ಗೊತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರೆ ಅಲ್ಲೇ ಮೇಜು ಗುದ್ದಿ ಕೂಗುತ್ತಿದ್ದಳು. ಆಮೇಲೆ ಜಾಮೀನಿಗೆ ಯಾರೂ ಇರುತ್ತಿರಲಿಲ್ಲ. ಆ ಕೋಣೆಗೆ ಇನ್ನೊಂದು ಬಾಗಿಲಿತ್ತು. ಕಳೆದ ಸಲ ಅಮ್ಮನನ್ನು ಒಯ್ದದ್ದು ಅದರ ಮೂಲಕ.

"ತಪ್ಪು ತನ್ನದು ಅಂತಿದಾರೆ," ಎಂದೆ. "ಅರ್ಜಿ ಕೊಡೋದು ಮರೆತುಹೋಯ್ತಂತೆ."

ಅಮ್ಮನ ಕಣ್ಣು ತುಂಬಿತು.

"ನಿಮ್ಮ ತಾಯಿ ಏನಂದ್ರು?" ಎಂದ ಅಧಿಕಾರಿ.

"ತಪ್ಪಾಯ್ತು ಅಂದ್ರು."

ಅವನು ಅಮ್ಮನ ಹೆಸರಲ್ಲಿ ಹೇಳಿಕೆ ಬರೆಸಿದ. ಅನುಮತಿ ಬೇಕೆಂದು ತಿಳಿಸಿದ್ದರೂ ನಾನು ಪಡೆಯದೆ ಹೋದೆ, ಮುಂದೆ ಹೀಗಾಗುವುದಿಲ್ಲ ಎಂದು ಅದರಲ್ಲಿತ್ತು. ನಾನು ಅಮ್ಮನಿಗೆ ಕೊನೆಯ ಭಾಗವನ್ನಷ್ಟೇ ಓದಿ ಹೇಳಿದೆ. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಬಿಡುಗಡೆ ಒಂದು ತಿಂಗಳಿಗಷ್ಟೇ ಮುಂದುವರಿಯಿತು. ಮತ್ತೊಮ್ಮೆ ಹೀಗಾದರೆ ಒಳಗೇ ಎಂದು ಅಧಿಕಾರಿ ಎರಡು ಸಲ ಹೇಳಿದ.

ಅಮ್ಮ ಕೈತೊಳೆಯಲು ಹೋದಾಗ ಚಿಜುರು ಪಡಸಾಲೆಯ ಯಂತ್ರದಿಂದ ಬಿಸಿ ಚಹಾದ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ನನ್ನ ಹೆಸರು ಕೆಟ್ಟಿದ್ರೆ ಜಾಮೀನೇ ರದ್ದಾಗ್ತಿತ್ತು. ಇನ್ನೂ ನಾಲ್ಕು ಮನೆಯವರಿಗೆ ನಾನೇ ಸಹಿ ಹಾಕಿರೋದು. ನಿನಗೆ ಅರ್ಥ ಆಗುತ್ತೆ ಅಲ್ವಾ, ಮಗು? ನೀನು ಜಾಣೆ."

"ಅರ್ಜಿ ಎಲ್ಲಿದೆ?" ಎಂದೆ. ಆ ದಿನ ನಾನು ಆಡಿದ ನನ್ನದೇ ಮಾತು ಅದೊಂದೇ.

"ಮನೇಲಿದೆ." ಅವರು ಚೀಲವನ್ನು ಹೆಗಲಿಗೇರಿಸಿಕೊಂಡರು. "ಆ ವಾರ ಮೊಣಕಾಲು ನೋವು. ಒಂದೇ ನಿಲ್ದಾಣ ತಾನೆ, ಯಾರು ಕೇಳ್ತಾರೆ ಅಂದ್ಕೊಂಡೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವರ ಹೆಸರು ಕೆಟ್ಟಿದ್ದರೆ ನಮಗೇ ಕಷ್ಟವಾಗುತ್ತಿತ್ತು. ಆದರೆ ಆ ಕೋಣೆಯಲ್ಲಿ ನನ್ನ ಪಕ್ಕದಲ್ಲೇ ಕುಳಿತು, ನನ್ನ ಕಡೆ ಒಮ್ಮೆಯೂ ನೋಡದೆ ಹಾಗೆಂದರು. ನಾನು ಬಾಯಿ ಬಿಡುವುದಿಲ್ಲವೆಂದು ಅವರಿಗೆ ಎಷ್ಟು ಖಾತ್ರಿ ಇದ್ದಿರಬೇಕು. ಎರಡು ವರ್ಷ ನಮ್ಮ ಮನೆಗೆ ಬಂದು ಅವರು ಚೆನ್ನಾಗಿ ಕಲಿತದ್ದು ಅದೊಂದನ್ನೇ ಇರಬಹುದು.

ಮುಂದಿನ ಮಂಗಳವಾರ ಅಮ್ಮ ನಸುಕಿನಲ್ಲೇ ಎದ್ದು ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಲು ಕೂತಳು. ಗಾಜಿನಲ್ಲಿ ನೆರಳು ಕಂಡದ್ದೇ ತಾನೇ ಹೋಗಿ ಬಾಗಿಲು ತೆಗೆದಳು. ಹತ್ತಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ಚಿಜುರು ಅವರನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತಿಟ್ಟು, ಒಳಗೆ ಕೂರಿಸಿ, ಅವರ ಕೈ ಬಿಡದೆ ನನ್ನನ್ನು ಕರೆದಳು.

"ಬಾ ಇಲ್ಲಿ. ನೀನು ಯಾವಾಗ್ಲೂ ನನ್ನ ಮಾತು ಅರ್ಧ ನುಂಗ್ತೀಯ. ಇವತ್ತು ಪೂರ್ತಿ ಹೇಳಬೇಕು."

"ಹೇಳ್ತೀನಿ."

"ಊರಲ್ಲಿ ಪೊಲೀಸರು ಬಂದಾಗ ನನ್ನ ಒಡಹುಟ್ಟಿದ ಅಕ್ಕನೇ ಬಾಗಿಲು ಹಾಕ್ಕೊಂಡ್ಲು, ಇವಳು ಯಾರೋ ಗೊತ್ತಿಲ್ಲ ಅಂದ್ಲು. ನೀವು ಆ ಹುಡುಗನ ಮುಂದೆ ತಪ್ಪು ನಂದು ಅಂತ ಹೇಳಿ, ಈ ವಯಸ್ಸಲ್ಲಿ ಅಷ್ಟು ಬಗ್ಗಿದ್ರಿ. ಇನ್ಮೇಲೆ ನನಗೆ ಅಕ್ಕ ಅಂದ್ರೆ ನೀವೇ. ಹೇಳು."

ಹೇಳಿದೆ. ಒಡಹುಟ್ಟಿದ ಅಕ್ಕನನ್ನೂ ಬಿಡಲಿಲ್ಲ, ತಪ್ಪು ನಂದು ಎಂಬುದನ್ನೂ ಬಿಡಲಿಲ್ಲ. ಎಲ್ಲೂ ನಿಲ್ಲಿಸಲಿಲ್ಲ.

ಚಿಜುರು ಅವರ ಕತ್ತು ನಿಧಾನಕ್ಕೆ ಕೆಂಪಾಯಿತು. ಅವರು ನನ್ನನ್ನು ನೋಡಿದರು. ನಾನು ಯಾರ ಕಣ್ಣನ್ನೂ ಅಷ್ಟು ಹೊತ್ತು ನೋಡಿದವಳಲ್ಲ, ಆವತ್ತು ನೋಡಿದೆ. ಅಮ್ಮನ ಕೈಯಿಂದ ಅವರು ಕೈ ಎಳೆದುಕೊಳ್ಳುತ್ತಾರೆ ಅಂದುಕೊಂಡೆ. ಎಳೆದುಕೊಂಡಿದ್ದರೆ ಅವರನ್ನು ಕ್ಷಮಿಸುತ್ತಿದ್ದೆನೋ ಏನೋ.

ಅವರು ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯನ್ನೂ ಅಮ್ಮನ ಕೈ ಮೇಲಿಟ್ಟರು.

"ಅಯ್ಯೋ, ಅಷ್ಟೆಲ್ಲ ಏನಿಲ್ಲ ಅಂತ ಹೇಳು," ಎಂದರು. "ಯಾರಿದ್ರೂ ಅಷ್ಟೇ ಮಾಡ್ತಿದ್ರು."

"ಏನಂದ್ರು? ಏನಂದ್ರು?" ಎಂದಳು ಅಮ್ಮ.

ಅವರು ಅಂದದ್ದನ್ನು ಒಂದು ಅಕ್ಷರವೂ ಬಿಡದೆ ಹೇಳಿದೆ. ಅಮ್ಮ ಕಣ್ಣೊರೆಸಿಕೊಂಡು, ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದಳು.