ಮುರಿಗೆಪ್ಪನವರು ಒಡೆದ ಕಾಯಿ

ಮುರಿಗೆಪ್ಪನವರು ಆ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಯಾರು ಹೋಗಿ "ಯಾವಾಗ ಯಜಮಾನ್ರ?" ಎಂದು ಕೇಳಿದರೂ ಅವರು ಮೊದಲು ಮಾಡುತ್ತಿದ್ದದ್ದು ಅದನ್ನೇ. ಒಳಗೆ ನೀರು ಕುಲುಕಿದ ಸದ್ದಿಗೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಇನ್ನೂ ನೀರೈತಿ, ಅವಸರ ಏನೈತಿ?" ಎಂದು ಕಾಯಿಯನ್ನು ದೇವರ ಗೂಡಿನಲ್ಲಿಟ್ಟು, ಒಳಗೆ ಚಹಾಕ್ಕೆ ಹೇಳುತ್ತಿದ್ದರು. ಆ ಮನೆಯಲ್ಲಿ ನಾನು ಕುಡಿದಷ್ಟು ಚಹಾವನ್ನು ನನ್ನ ತವರಿನಲ್ಲೂ ಕುಡಿದಿಲ್ಲ.

ಅವರು ನಮ್ಮೂರ ಪುರಸಭೆಯಲ್ಲಿ ವಿರೋಧ ಪಕ್ಷದ ನಾಯಕರು. ನಾನು ಅದೇ ಪಕ್ಷದಿಂದ ಬಣ್ಣಗಾರರ ಓಣಿಗೆ ಆರಿಸಿ ಬಂದ ಸದಸ್ಯೆ. ಅಧ್ಯಕ್ಷ ಚಂಬಣ್ಣನ ಕಡೆಯ ಇಬ್ಬರು ಅವನೊಡನೆ ಜಗಳವಾಡಿ ನಮ್ಮತ್ತ ವಾಲಿದ್ದರು. ಮುರಿಗೆಪ್ಪನವರು ಸಭೆಯಲ್ಲಿ ಎದ್ದು ನಿಂತು ಅವಿಶ್ವಾಸ ಮಂಡಿಸಿದರೆ ಸಾಕು, ಮಂಡಳಿ ಬಿದ್ದು ಊರಿಗೆಲ್ಲ ಹೊಸ ಚುನಾವಣೆ. ಮಂಡಳಿಯ ಜೊತೆಗೆ ಅದರ ಮುಂದಿದ್ದ ಠರಾವುಗಳೂ ಬೀಳುತ್ತಿದ್ದವು. ಅದರಲ್ಲೊಂದು, ನಮ್ಮ ಓಣಿಯನ್ನು ಕೆಡವಿ ಅಲ್ಲಿ ಹೊಸ ಮಾರುಕಟ್ಟೆ ಕಟ್ಟುವ ಠರಾವು.

ನಮ್ಮ ಓಣಿಯೆಂದರೆ ಒಂದು ಬಾವಿ, ಅದರ ಸುತ್ತ ನೂಲನ್ನು ಬಣ್ಣದಲ್ಲಿ ಅದ್ದಲು ನೆಲದಲ್ಲಿ ಹೂತ ಕಲ್ಲಿನ ಬಾನಿಗಳು, ಬಾನಿಗಳ ಸುತ್ತ ಮನೆಗಳು. ನೂಲಿಗೆ ನೀಲಿ ಬಣ್ಣ ಕಟ್ಟುವುದು ನಮ್ಮ ಕೆಲಸ. ಆ ಬಾವಿಯ ನೀರಿನಲ್ಲಿ ಹಿಡಿದಂತೆ ಬೇರೆ ನೀರಿನಲ್ಲಿ ನೀಲಿ ಹಿಡಿಯುವುದಿಲ್ಲ. ಎರಡು ಸಲ ಒಗೆದರೆ ಬಿಟ್ಟುಹೋಗುತ್ತದೆ. ಊರಾಚೆ ಕಲ್ಲುಗಣಿಯ ಪಕ್ಕದಲ್ಲಿ ನಮಗೆ ಜಾಗ ಕೊಡುತ್ತೇವೆಂದು ಚಂಬಣ್ಣ ಸಾರಿದ್ದ. ಬಾನಿಗಳನ್ನು ಅಲ್ಲೇ ಹೂಳಿಕೊಳ್ಳಲಿ ಎಂದಿದ್ದ. ಅದನ್ನು ಕೇಳಿ ನನ್ನ ಅತ್ತೆ ಸಂಕವ್ವ, "ಮೊದಲ ಆ ಚಂಬಣ್ಣನ್ನ ಹೂಳ್ರಿ, ಆಮ್ಯಾಲೆ ಬಾನಿ ನೋಡೂಣು" ಎಂದು ಬೀದಿಯಲ್ಲಿ ನಿಂತು ಕೂಗಿದ್ದಳು.

ಕಾಯಿ ಕೊಡೋಣವೆಂದವಳೂ ಅವಳೇ. ನಮ್ಮಲ್ಲೊಂದು ಪದ್ಧತಿಯಿತ್ತು. ದೊಡ್ಡ ಕೆಲಸವನ್ನು ಯಾರಿಗಾದರೂ ಒಪ್ಪಿಸುವಾಗ, ಓಣಿಯ ದೇವಿಯ ಮುಂದಿಟ್ಟ ಕಾಯಿಯ ಜುಟ್ಟಿಗೆ ನೀಲಿ ದಾರ ಸುತ್ತಿ ಅವರ ಶಲ್ಯದಲ್ಲಿ ಹಾಕಿ ಬರುತ್ತಿದ್ದೆವು. ಯಾತಕ್ಕೆಂದು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ಕೆಲಸ ಕೆಡುತ್ತದೆಂದು ನಂಬಿಕೆ. ಹಾಕಿಸಿಕೊಂಡವರು ಒಳಗಿನ ನೀರು ಇಂಗುವ ಮೊದಲು ಆ ಕಾಯಿಯನ್ನು ತಾವೇ ಒಡೆಯಬೇಕು. ಒಡೆಯದೆ ಇಟ್ಟುಕೊಂಡರೆ ಅವರ ಮನೆಗೆ ಒಳ್ಳೆಯದಲ್ಲ. ಮುರಿಗೆಪ್ಪನವರಿಗೆ ಇದೆಲ್ಲ ಗೊತ್ತಿತ್ತು. ನಾವು ಹೋದಾಗ ಅವರು ಕುರ್ಚಿಯಿಂದೆದ್ದು, ಎರಡೂ ಕೈಯಿಂದ ಶಲ್ಯ ಒಡ್ಡಿದರು. ಸಂಕವ್ವ ಕಾಯಿ ಹಾಕಿದಳು. ಅವರ ಕಣ್ಣಲ್ಲಿ ನೀರಾಡಿತು. ಆ ದಿನ ನಾನು ಅವರನ್ನು ಪೂರ್ತಿಯಾಗಿ ನಂಬಿದೆ.

ಆಮೇಲೆ ಶುರುವಾಯಿತು ನೋಡಿ. ಅಮಾವಾಸ್ಯೆ ಕಳೆಯಲಿ ಎಂದರು, ಕಳೆಯಿತು. ಮಗಳ ಬಾಣಂತನವಿದೆ ಎಂದರು, ಮಗಳು ಹೆತ್ತು ಎದ್ದು ಓಡಾಡತೊಡಗಿದಳು. ನಮ್ಮ ಕಡೆ ವಾಲಿದ್ದ ಇಬ್ಬರ ಮನಸ್ಸು ಗಟ್ಟಿಯಿಲ್ಲವೆಂದರು. ಆ ಇಬ್ಬರನ್ನೂ ನಾನು ಅವರ ಜಗಲಿಗೇ ಕರೆದುಕೊಂಡು ಹೋದೆ.

"ನಾವು ಗಟ್ಟಿ ಅದೀವ್ರೀ" ಎಂದ ಅವರಲ್ಲೊಬ್ಬ. "ನೀವು ಎದ್ದು ನಿಂದರ್ರಿ, ನಿಮ್ಮ ಹಿಂದ ನಾವು ನಿಂದರ್ತೀವಿ. ನೀವು ಕೂತ್ರ ಮಾತ್ರ ನಮ್ಮ ಗತಿ ಏನ್ ಹೇಳ್ರಿ."

ಮುರಿಗೆಪ್ಪನವರು ಕಾಯಿ ಅಲ್ಲಾಡಿಸಿದರು. "ಇನ್ನೂ ನೀರೈತಿ" ಎಂದರು. ಅಷ್ಟರಲ್ಲಿ ಚಹಾ ಬಂತು.

ಠರಾವು ಮಂಜೂರಿಗೆ ಬರುವ ಸಭೆಯ ದಿನ ಗೊತ್ತಾದ ಮೇಲೆ ನಾನು ಒಬ್ಬಳೇ ಹೋದೆ. ಚಹಾ ಬೇಡವೆಂದು ಮೊದಲೇ ಹೇಳಿಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರು.

"ನಿಮಗ ಅಂಜಿಕಿ ಏನ್ರೀ? ಸೋಲ್ತೀವಿ ಅಂತನಾ?"

"ಸೋಲೂದಾ?" ಅವರು ನಿಜವಾಗಿಯೂ ನೊಂದುಕೊಂಡರು. "ಎಂಥಾ ಮಾತಂತ ಆಡ್ತಿ ತಂಗಿ. ಇವತ್ತ ಚುನಾವಣಿ ಆದ್ರೂ ಗೆದ್ದ ಗೆಲ್ತೀವಿ. ಚಂಬಣ್ಣಗ ಅವನ ಓಣಿಯೊಳಗ ಓಟಿಲ್ಲ."

"ಮತ್ಯಾಕ ಈ ಆಟ?"

ಅವರು ಎಲೆ ಮಡಚಿ ಬಾಯಿಗಿಟ್ಟುಕೊಳ್ಳದೆ ಕೈಯಲ್ಲೇ ಹಿಡಿದರು. ಆಮೇಲೆ ಮನೆಯ ಹೆಣ್ಣುಮಗಳಿಗೆ ಬುದ್ಧಿ ಹೇಳುವವರ ಹಾಗೆ ಮೆತ್ತಗೆ ಮಾತಾಡಿದರು.

"ಗೆದ್ರ ಅಧ್ಯಕ್ಷ ಆಗಾಂವ ಯಾರು? ನಾನು. ಮಾರ್ಕೆಟ್ಟು ಇಡೀ ಪ್ಯಾಟಿಗೆ ಬೇಕಾಗೈತಿ ತಂಗಿ. ಚಂಬಣ್ಣನ ಹಿಂದ ಇದ್ದ ಸಾಹುಕಾರ್ರು ನಾಳಿ ನನ್ನ ಹಿಂದ ಬರ್ತಾರ. ನನ್ನ ತಮ್ಮನೂ ಅಲ್ಲೊಂದು ಅಂಗಡಿ ಕೇಳಾಕತ್ತಾನ. ನಾನು ಕುರ್ಚಿ ಮ್ಯಾಲೆ ಕೂತ್ರ ನಿಮ್ಮ ಓಣಿ ನನ್ನ ಕೈಲೆ ಕೆಡವಬೇಕಾಗ್ತೈತಿ. ಆ ಪಾಪ ನನಗ್ಯಾಕ ಕಟ್ತಿ? ಈಗಾದ್ರ ನಿಮ್ಮ ಕೂಡ ನಿಂತು ಅಳಬೋದು."

ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಈ ಮನುಷ್ಯನಿಗೆ ಧೈರ್ಯ ಸಾಲದೆಂದು ನಾನು ಧೈರ್ಯ ತುಂಬುತ್ತಿದ್ದೆನಲ್ಲ! ಅವರಿಗೆ ಸೋಲಿನ ಹೆದರಿಕೆಯೇ ಇರಲಿಲ್ಲ.

"ಕೆಡವೂದಿಲ್ಲ ಅನ್ನಬೋದಲ್ರೀ," ಎಂದೆ. "ಗೆದ್ದು ಕೂತು, ಈ ಓಣಿ ಕೆಡವೂದಿಲ್ಲ ಅಂತ ಒಂದು ಮಾತು."

ಅವರು ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ, ಕರುಣೆಯಿತ್ತು. ಎದ್ದು ಹೋಗಿ ಗೂಡಿನಿಂದ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದರು. ಆ ಸದ್ದು ಕೇಳಲಾರದೆ ನಾನು ಮೆಟ್ಟಿಲಿಳಿದು ಬಂದುಬಿಟ್ಟೆ.

ಸಭೆಯ ದಿನ ಮುರಿಗೆಪ್ಪನವರು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಅಂಥ ಮಾತನ್ನು ಆ ಸಭೆ ಹಿಂದೆ ಕೇಳಿರಲಿಲ್ಲ. ನಮ್ಮ ಬಾವಿಯನ್ನು ತಾಯಿ ಎಂದರು, ಬಾನಿಗಳನ್ನು ತೊಟ್ಟಿಲು ಎಂದರು. ಬಾಗಿಲಲ್ಲಿ ನಿಂತಿದ್ದ ನಮ್ಮ ಓಣಿಯವರು ಬಿಕ್ಕಿ ಬಿಕ್ಕಿ ಅತ್ತರು. ಮುರಿಗೆಪ್ಪನವರೂ ಅತ್ತರು, ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತರು. ಇನ್ನೇನು ಅವಿಶ್ವಾಸವೆಂಬ ಮಾತು ಬಂದೇ ಬಂತೆಂದು, ಎಲ್ಲ ಗೊತ್ತಿದ್ದ ನಾನೂ ಕುರ್ಚಿಯ ಅಂಚಿಗೆ ಸರಿದು ಕೂತೆ. ಅವರು ಶಲ್ಯದಿಂದ ಕಣ್ಣೊರೆಸಿಕೊಂಡು, "ಈ ಅನ್ಯಾಯವನ್ನು ಕಣ್ಣಿಂದ ನೋಡಲಾರೆವು, ಸಭಾತ್ಯಾಗ ಮಾಡುತ್ತಿದ್ದೇವೆ" ಎಂದರು. ನಮ್ಮವರೆಲ್ಲ ಧಡಧಡ ಎದ್ದರು.

"ಬಾ ತಂಗಿ" ಎಂದು ನನ್ನನ್ನೂ ಕರೆದರು.

"ನಾವು ಹೊರಗ ಹೋದ್ರ ಬ್ಯಾಡ ಅಂತ ಕೈ ಎತ್ತಾವ್ರು ಯಾರ್ರೀ?"

"ಹೊರಗ ಹೋಗೂದಕ್ಕಿಂತ ದೊಡ್ಡ ವಿರೋಧ ಐತೇನು? ಬಾ, ಬಾ."

ನಾನು ಕೂತೇ ಇದ್ದೆ. ನಮ್ಮತ್ತ ವಾಲಿದ್ದ ಇಬ್ಬರು ಬಾಗಿಲ ಕಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಚಂಬಣ್ಣನ ಪರವಾಗಿ ಕೈ ಎತ್ತಿದರು. ಅವರನ್ನು ನಾನು ಬೈಯಲಾರೆ. ವಿರೋಧಕ್ಕೆ ಎದ್ದದ್ದು ನನ್ನದೊಂದೇ ಕೈ, ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ನೀಲಿಯಾದದ್ದು. "ಇಳಸವಾ, ದೂರದಿಂದನ ಕಾಣಾಕತ್ತೈತಿ" ಎಂದ ಚಂಬಣ್ಣ. ಸಭೆಯೆಲ್ಲ ನಕ್ಕಿತು. ಹೊರಗೆ ಬಂದರೆ ಮುರಿಗೆಪ್ಪನವರ ಕೊರಳಲ್ಲಿ ಹೂವಿನ ಹಾರವಿತ್ತು. ಹಾಕಿದವರು ನಮ್ಮ ಓಣಿಯವರೇ.

ಮಳೆಗಾಲಕ್ಕೆ ಮೊದಲು ಓಣಿ ಖಾಲಿಯಾಯಿತು. ಬಾನಿಗಳು ಕೀಳಲು ಬಾರದೆ ಒಡೆದವು. ಬಾವಿಗೆ ನಮ್ಮವೇ ಗೋಡೆಗಳ ಮಣ್ಣು ತುಂಬಿದರು. ಮಾರುಕಟ್ಟೆಯ ಭೂಮಿಪೂಜೆಯ ದಿನ ಸಂಕವ್ವ ನೋಡಲು ಹೋಗಬೇಕೆಂದು ಹಟ ಹಿಡಿದಳು. ಬೇಡವೆಂದರೂ ಕೇಳಲಿಲ್ಲ, ನನ್ನ ತೋಳು ಹಿಡಿದು ಕಲ್ಲುಗಣಿಯಿಂದ ನಡೆದೇ ಬಂದಳು. ನಾವು ಜನರ ಹಿಂದೆ ನಿಂತೆವು.

ಚಪ್ಪರದಲ್ಲಿ ಚಂಬಣ್ಣನ ಪಕ್ಕದ ಕುರ್ಚಿ ಮುರಿಗೆಪ್ಪನವರದು. ಊರಿನ ಕೆಲಸದಲ್ಲಿ ಪಕ್ಷ ನೋಡಬಾರದೆಂದು ಅವರನ್ನೂ ಕರೆದಿದ್ದರಂತೆ. ಅಡಿಪಾಯಕ್ಕೆ ತೋಡಿದ ಹೊಂಡದ ಅಂಚಿಗೆ ಅವರನ್ನು ಕರೆದೊಯ್ದು ಪೂಜಾರಿ ಕಾಯಿ ಕೊಡಲು ಬಂದ. ಅವರು ಬೇಡವೆಂದು ಕೈಯಾಡಿಸಿ ತಮ್ಮ ಶಲ್ಯ ಬಿಚ್ಚಿದರು. ಅದರೊಳಗೊಂದು ಕಾಯಿಯಿತ್ತು. ಅಷ್ಟು ದೂರದಿಂದಲೂ ಜುಟ್ಟಿನ ನೀಲಿ ದಾರ ನಮಗೆ ಕಂಡಿತು. ಸಂಕವ್ವನ ಬೆರಳುಗಳು ನನ್ನ ತೋಳನ್ನು ಕಚ್ಚಿ ಹಿಡಿದವು.

ಅವರು ಒಮ್ಮೆ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಕಲ್ಲಿನ ಮೇಲೆ ಒಡೆದರು. ಒಂದೇ ಏಟಿಗೆ ಒಡೆಯಿತು. ತಿರುಳು ಬೆಳ್ಳಗಿತ್ತು. ನೀರು ಹೊಂಡದೊಳಗೆ ಹೋಯಿತು.

ಪೂಜೆ ಮುಗಿದ ಮೇಲೆ ಅವರು ಜನರನ್ನು ಸರಿಸಿಕೊಂಡು ನೇರವಾಗಿ ನಮ್ಮ ಹತ್ತಿರ ಬಂದರು. ಮುಖ ಹಗುರಾಗಿತ್ತು. ಜುಟ್ಟಿದ್ದ ಹೋಳನ್ನು ಸಂಕವ್ವನ ಕೈಗಿಟ್ಟು ಬಾಗಿ ನಮಸ್ಕರಿಸಿದರು.

"ತಾಯಿ, ನೀವು ಒಪ್ಪಿಸಿದ ಕಾಯಿ ಒಡದೀನಿ. ನಿಮ್ಮ ಜಾಗದೊಳಗನ ಒಡದೀನಿ. ಇನ್ನ ನನ್ನ ಮ್ಯಾಲೆ ಏನೂ ಇಲ್ಲ."

ನನ್ನ ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಸಂಕವ್ವ ನನ್ನ ಕೈ ಅದುಮಿದಳು. ಅವರು ಕಾರು ಹತ್ತಿ ಹೋದರು.

"ಏನಂತ ಬೈತಿಯವಾ?" ಎಂದಳು ಆಮೇಲೆ. "ಎಲ್ಲಿ ಒಡೀಬೇಕಂತ ನಾವು ಹೇಳಿದ್ದಿಲ್ಲಲ್ಲ."

ಜನ ಚದುರಿದರು. ಅವಳು ನಿಧಾನವಾಗಿ ನಡೆದು, ಬಾವಿಯಿದ್ದಲ್ಲಿ ಹಸಿ ಮಣ್ಣಿನ ಮೇಲೆ ಕುಕ್ಕುರುಗಾಲಲ್ಲಿ ಕೂತಳು. ಜುಟ್ಟಿನ ನೀಲಿ ದಾರವನ್ನು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆಮೇಲೆ ಆ ಹೋಳನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಮತ್ತೆ ಅಲ್ಲಾಡಿಸಿದಳು.