ಗುಳ್ಳೆ ಏಳದ ಟ್ಯೂಬು

ಅಪ್ಪನ ಪಂಕ್ಚರ್ ಅಂಗಡಿಯಲ್ಲಿ ಒಂದೇ ಕಾನೂನು. ಟ್ಯೂಬನ್ನು ನೀರಿನ ತೊಟ್ಟಿಗೆ ಅದ್ದು. ಗುಳ್ಳೆ ಎದ್ದರೆ ತೂತು, ಏಳದಿದ್ದರೆ ಗಿರಾಕಿಗೇ ತಲೆ ಕೆಟ್ಟಿದೆ. ಗೋಡೆಗೆ ಮುಖ ಮಾಡಿ ತಿಂಗಳುಗಟ್ಟಲೆ ಮಲಗಿದ್ದ ದೊಡ್ಡ ಮಗನಿಗೂ ಅವನು ಅದೇ ಕಾನೂನು ಹಾಕಿದ.

"ರಕ್ತದಲ್ಲಿ ಕಾಯಿಲೆ ಕಂಡ್ರೆ ಮನೇಲಿರ್ಲಿ. ಕಾಣ್ಲಿಲ್ವಾ, ಗಂಟುಮೂಟೆ ಕಟ್ಲಿ. ಬಿಟ್ಟಿ ಕೂಳು ಹಾಕೋಕೆ ಇದೇನು ಧರ್ಮಛತ್ರಾನಾ?"

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ರಾತ್ರಿ ಒಂದು ಮಾತ್ರೆ ನುಂಗಬೇಕು, ಮಾರನೆಯ ದಿನ ರಕ್ತ ಕೊಡಬೇಕು. ಆ ಮಾತ್ರೆಗೆ ಮೈಯೊಳಗಿನ ಒತ್ತಡದ ಹಾರ್ಮೋನು ಇಳಿಯಬೇಕು. ಖಿನ್ನತೆ ಇರುವ ಕೆಲವರಲ್ಲಿ ಇಳಿಯುವುದಿಲ್ಲ. "ಇಳಿದ್ರೂ ಖಿನ್ನತೆ ಇಲ್ಲ ಅಂತಲ್ಲ," ಎಂದೂ ಸೇರಿಸಿದ್ದರು. ಅಷ್ಟರಲ್ಲಿ ಅಪ್ಪ ಎದ್ದು ಬಾಗಿಲು ದಾಟಿದ್ದ.

ರಕ್ತ ತೆಗೆಯುವ ಕೋಣೆಯ ಹೊರಗೆ, ಬೆಂಚಿನ ಮೇಲೆ, ಜೊತೆಗೆ ಬಂದಿದ್ದ ತಮ್ಮನೆದುರು ಅಣ್ಣ ಅಂಗೈ ಬಿಚ್ಚಿದ. ಬೆವರಿಗೆ ಮೆತ್ತಗಾದ ಮಾತ್ರೆ ಅಲ್ಲೇ ಅಂಟಿಕೊಂಡಿತ್ತು.

"ನುಂಗ್ಲಿಲ್ವೇನಣ್ಣಾ?" ಎಂದ ಚಿಕ್ಕವನು.

"ಹಾರ್ಮೋನು ಇಳಿದುಬಿಟ್ರೆ? ನಾಟಕ ಅಂತ ನೀನೂ ಅಂದಿದ್ದೆ ಕಣೋ."

ಅಂದಿದ್ದ. ಅಣ್ಣ ಮುಟ್ಟದೆ ಬಿಟ್ಟ ತಟ್ಟೆಯನ್ನು ಎತ್ತಿ ಎಸೆದು ಅಂದಿದ್ದ.

ನರ್ಸು ಬಾಗಿಲಿಗೆ ಬಂದಳು. "ಮಾತ್ರೆ ತಗೊಂಡಿದ್ದಾರಾ?"

ಚಿಕ್ಕವನು ಅಣ್ಣನ ಕೈಯಿಂದ ಮಾತ್ರೆ ಕಿತ್ತು ಮುಷ್ಟಿಯಲ್ಲಿ ಹಿಸುಕಿದ. "ಓ, ನಾನೇ ಎದುರಿಗೆ ನಿಂತು ನುಂಗಿಸಿದೀನಿ."

ರಿಪೋರ್ಟು ಬಂತು. ಹಾರ್ಮೋನು ಇಳಿದಿರಲಿಲ್ಲ. ಆ ಸಂಜೆ ಅಪ್ಪ ಅಂಗಡಿಯ ಟೇಬಲ್ ಫ್ಯಾನನ್ನು ತಾನೇ ಹೊತ್ತು ತಂದು ಅಣ್ಣನ ತಲೆದೆಸೆಯಲ್ಲಿಟ್ಟ.

"ಪಾಪ, ಮೈಯೇ ಕೆಟ್ಟಿದೆ. ನಾವು ಏನೇನೋ ಅಂದ್ಕೊಂಡ್ವಿ."

ಅಣ್ಣ ಎದ್ದು ಕೂತು ನಾಲ್ಕು ತುತ್ತು ಉಂಡ. ಗೆದ್ದೆವು ಅಂದುಕೊಂಡ ಚಿಕ್ಕವನು.

ಡಾಕ್ಟರಮ್ಮನಿಗೆ ಆ ಅಂಕಿ ಯಾಕೋ ಒಪ್ಪಲಿಲ್ಲ. ವಾರ್ಡಿನಲ್ಲೇ ಇಟ್ಟುಕೊಂಡು, ಮಾತ್ರೆ ತಾವೇ ಕೊಟ್ಟು, ಇನ್ನೊಮ್ಮೆ ನೋಡೋಣ ಎಂದರು.

"ಹತ್ತು ಸಲ ನೋಡಿ," ಅಂದ ಅಪ್ಪ. "ತೂತು ಎಲ್ಲಿಗೆ ಓಡಿಹೋಗತ್ತೆ?"

ಚಿಕ್ಕವನು ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಈ ಸಲ ಇಳಿದಿತ್ತು. ಖಿನ್ನತೆ ಇದ್ದೇ ಇದೆ, ಔಷಧಿ ಬಿಡಬೇಡಿ ಎಂದು ಡಾಕ್ಟರಮ್ಮ ಎರಡೆರಡು ಸಲ ಹೇಳಿದರು.

"ಗುಳ್ಳೆ ಇಲ್ಲ," ಅಂದ ಅಪ್ಪ, ಮನೆಗೆ ಬಂದಮೇಲೆ.

"ಗುಳ್ಳೆ ಇಲ್ಲ ಅಂತ ನೀನು ಬೈದು ಕಳ್ಸಿದ ಟ್ಯೂಬು ಬೆಳಿಗ್ಗೆ ಚಪ್ಪಟೆಯಾಗಿ ವಾಪಸ್ ಬಂದಿಲ್ವೇನಪ್ಪಾ? ಎಷ್ಟು ಬಂದಿಲ್ಲ?" ಎಂದ ಚಿಕ್ಕವನು.

"ಅದಿರ್ಲಿ. ಮೊದಲ್ನೇ ಸಲ ಹೆಂಗೆ ಬಂತು, ಅದನ್ನ ಹೇಳು."

ಚಿಕ್ಕವನು ಹೇಳಿದ. ಇದ್ದದ್ದು ಇದ್ದಹಾಗೆ.

"ಓಹೋ. ಇಬ್ರೂ ಸೇರಿ ನಂಗೆ ಟೋಪಿ ಹಾಕಿದ್ರಿ," ಅಂದ ಅಪ್ಪ. ಸೋಮಾರಿ ಅನ್ನಿಸಿಕೊಂಡಿದ್ದವನು ಈಗ ಕಳ್ಳನೂ ಆದ.

ಅಣ್ಣ ಎದ್ದ. ಫ್ಯಾನಿನ ಪ್ಲಗ್ಗು ಕಿತ್ತ. ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ಫ್ಯಾನನ್ನು ಅಪ್ಪನ ಕೈಗೆ ಕೊಟ್ಟ. ಆಮೇಲೆ ಬಗ್ಗಿ, ಮಂಚದ ಕೆಳಗೆ ಚಪ್ಪಲಿ ಹುಡುಕತೊಡಗಿದ.